ಸಂಗಮ್ಮನ ಕೈಗನ್ನಡಿ ಮತ್ತು ಚುಕ್ಕೆಯ ಬೀಗರು

ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಸಂಗಮ್ಮ ಹಿತ್ತಲಿನ ಬಾಗಿಲು ತೆಗೆಯುತ್ತಾರೆ. ಒಂದು ಕೈಯಲ್ಲಿ ಒಲೆಯ ಬೂದಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಸಣ್ಣ ಕನ್ನಡಿ. ಕನ್ನಡಿ ಮುಖ ನೋಡಿಕೊಳ್ಳಲಿಕ್ಕಲ್ಲ. ಹುಳಗಳ ಸಂಸಾರವೆಲ್ಲ ಎಲೆಯ ಅಡಿಯಲ್ಲಿ ನಡೆಯುತ್ತದೆ. ಮೇಲಿನಿಂದ ನೋಡಿದರೆ ಗಿಡ ನಗುನಗುತ್ತ ನಿಂತಿರುತ್ತದೆ, ಕೆಳಗೆ ಸಾಲಾಗಿ ತತ್ತಿ ಇಟ್ಟಿರುತ್ತವೆ. ಮೊಣಕಾಲು ಹಿಡಿದುಕೊಂಡು ಬಗ್ಗಲು ಆಗದ ಮೇಲೆ ಮಗಳು ಬಿಟ್ಟುಹೋದ ಕನ್ನಡಿಗೆ ಸಂಗಮ್ಮ ಒಂದು ಹಳೆಯ ಸೌಟಿನ ಹಿಡಿಕೆ ಕಟ್ಟಿದರು. ನಿಂತಲ್ಲೇ ನಿಂತು ಅದನ್ನು ಎಲೆಯ ಕೆಳಗೆ ಹಿಡಿಯುತ್ತಾರೆ. ಹುಳ ಕಂಡರೆ ಸಿಟ್ಟಿಲ್ಲ, ಶಾಪವಿಲ್ಲ.

"ಬಂದಾರ ನೋಡ್ರಿ ನಮ್ಮ ಬೀಗರು," ಅನ್ನುತ್ತಾರೆ. "ಹೇಳದ ಕೇಳದ ಬರ್ತಾರ, ಉಂಡು ಹೋಗು ಅಂದ್ರ ಹೋಗೂದಿಲ್ಲ."

ಅವರ ಯಜಮಾನರು ಮಹಾರುದ್ರಪ್ಪನವರು ಬಸವಕಲ್ಯಾಣದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಅಂಗಡಿಗೆ ಹೊರಡುವ ಮೊದಲು ಹಿತ್ತಲ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತ, "ಆ ಬದನಿ ಎಲಿ ನೋಡಿದಷ್ಟು ಲಕ್ಷ ಕೊಟ್ಟು ನನ್ನ ಮುಖ ನೋಡಿದ್ರ ನನಗ ಬಿ.ಪಿ. ಬರ್ತಿದ್ದಿಲ್ಲ," ಎಂದು ಒಂದು ಮಾತು ಆಡದೆ ಹೋಗುವುದಿಲ್ಲ.

"ನಿಮ್ಮ ಮುಖದ ಹಿಂದ ಏನದ ಅಂತ ನನಗ ಕನ್ನಡಿ ಬೇಕಾಗಿಲ್ಲ, ಹೋಗ್ರಿ," ಎಂದು ಇವರು ಉತ್ತರ ಕೊಡುತ್ತಾರೆ.

ನಮ್ಮ ಮನೆ ಅದೇ ಓಣಿಯಲ್ಲಿ ಎರಡು ಬಾಗಿಲು ಆಚೆಗೆ. ಸೋಮವಾರದ ಭಜನೆಗೆ ಅವರ ಪಡಸಾಲೆಗೆ ಹೋಗುತ್ತ ಹೋಗುತ್ತ ಸಂಗಮ್ಮನ ಬದುಕು ನನಗೆ ತಿಳಿಯಿತು. ನಾನು ಕೇಳಿ ತಿಳಿದದ್ದಲ್ಲ. ಅವರು ಅವರೆಕಾಯಿ ಸುಲಿಯುತ್ತ ಹೇಳುತ್ತಿದ್ದರು, ನಾನೂ ಒಂದು ಹಿಡಿ ಎತ್ತಿಕೊಂಡು ಸುಲಿಯುತ್ತ ಕೂಡುತ್ತಿದ್ದೆ.

ಅವರು ಚಿಟಗುಪ್ಪದ ಕಡೆಯ ಒಕ್ಕಲು ಮನೆಯ ಮಗಳು. ನಾಲ್ಕನೆಯ ಇಯತ್ತೆಗೆ ಸಾಲೆ ನಿಂತಿತು. ಲಗ್ನವಾಗಿ ಈ ಊರಿಗೆ ಬಂದಾಗ ಮನೆಯ ಹಿಂದೆ ಇದ್ದದ್ದು ಒಡೆದ ಇಟ್ಟಂಗಿ ರಾಶಿ, ಅದರೊಳಗೆ ಚೇಳು. ಅಂಗಡಿಯವರ ಮನೆಯಲ್ಲಿ ತರಕಾರಿ ಪೇಟೆಯಿಂದ ಬರುತ್ತಿತ್ತು, ಯಾರಿಗೂ ಆ ಜಾಗದ ನೆನಪೇ ಇರಲಿಲ್ಲ. ಸಂಗಮ್ಮ ದಿನಕ್ಕೆ ಹತ್ತು ಇಟ್ಟಂಗಿಯಂತೆ ಎತ್ತಿ ಗೋಡೆಗೆ ಒಟ್ಟಿದರು. ಒಂದು ವರ್ಷ ಹಿಡಿಯಿತು. ಕೆಳಗೆ ಕೆಂಪು ಮಣ್ಣು ಸಿಕ್ಕ ದಿನ ಅದನ್ನು ಕಣ್ಣಿಗೆ ಒತ್ತಿಕೊಂಡರಂತೆ. ಆ ಮೇಲೆ ಬದನೆ, ಬೆಂಡೆ, ಹೀರೆ, ಚಪ್ಪರದ ಅವರೆ, ಗೋಡೆಯ ಬದಿಗೆ ಚೆಂಡುಹೂವು.

ಹುಳದ ಪಾಠ ಅವರಿಗೆ ಯಾರೂ ಹೇಳಿಕೊಡಲಿಲ್ಲ. ಅವರೆಯ ಕುಡಿಗೆ ಕರಿ ಹೇನು ಮುತ್ತಿದರೆ ಇಬ್ಬನಿ ಇರುವಾಗ ಬೂದಿ ಎರಚಬೇಕು, ಒಣಗಿದ ಮೇಲೆ ಎರಚಿದರೆ ಗಾಳಿಗೆ ಹೋಗುತ್ತದೆ. ಬಿಳಿ ನೊಣಕ್ಕೆ ಹಳದಿ ಬಣ್ಣ ಕಂಡರೆ ಆಸೆ, ಹಾಗಾಗಿ ಎಣ್ಣೆಯ ಹಳದಿ ಡಬ್ಬಿಯನ್ನು ಕತ್ತರಿಸಿ ಔಡಲೆಣ್ಣೆ ಸವರಿ ಕೋಲಿಗೆ ಸಿಕ್ಕಿಸಿದರೆ ತಾವೇ ಬಂದು ಅಂಟಿಕೊಳ್ಳುತ್ತವೆ. ಬದನೆಯ ಕುಡಿ ಬಾಡಿ ಕತ್ತು ಬಗ್ಗಿಸಿದರೆ ಒಳಗೆ ಕೊರೆಯುವ ಹುಳ ಕೂತಿದೆ ಎಂದು ಅರ್ಥ, ಅದನ್ನು ಆಗಲೇ ಮುರಿದು ಸಾಬೂನಿನ ನೀರಿಗೆ ಹಾಕಬೇಕು, ಗೊಬ್ಬರದ ಗುಂಡಿಗೆ ಎಸೆದರೆ ಮತ್ತೆ ಎದ್ದು ಬರುತ್ತದೆ. ಇವೆಲ್ಲ ಇಪ್ಪತ್ತು ವರ್ಷ ನೋಡಿ ನೋಡಿ ಕಂಡುಕೊಂಡದ್ದು. ಅಷ್ಟು ನೋಡಿದವರಿಗೂ ಒಂದು ಕಡೆ ಕಣ್ಣು ತಪ್ಪಿತು. ಹೋದ ವರ್ಷದ ಆ ಸಂಗತಿಯನ್ನು ಬರೆಯಬೇಕೆಂದೇ ಕೂತಿದ್ದೇನೆ. ಆ ತಪ್ಪಿನಲ್ಲಿ ನನ್ನದೂ ಒಂದು ಪಾಲಿದೆ.

ದೀಪಾವಳಿ ಮುಗಿದಿತ್ತು. ಅವರ ಮಗಳು ಪೂನಂ ಹುಮನಾಬಾದಿನಲ್ಲಿ ಗಂಡನ ಮನೆಯಲ್ಲಿರುತ್ತಾಳೆ. ಅಲ್ಲಿಂದ ತಾಯಿಯ ಮೊಬೈಲಿಗೆ ದಿನಕ್ಕೊಂದು ವಿಡಿಯೋ ಕಳಿಸುವುದು ಅವಳ ರೂಢಿ. ಆ ದಿನದ ವಿಡಿಯೋದಲ್ಲಿ ಟೊಪ್ಪಿಗೆ ಹಾಕಿದ ಒಬ್ಬ ಮಹನೀಯರು ಬೆರಳ ತುದಿಯ ಮೇಲೆ ಚುಕ್ಕೆಯ ಹುಳವೊಂದನ್ನು ಇಟ್ಟುಕೊಂಡು ಮಾತಾಡುತ್ತಿದ್ದರು. ಇದು ಗುಲಗಂಜಿ ಹುಳ, ರೈತನ ಮಿತ್ರ, ಗಿಡದ ಹೇನುಗಳನ್ನು ತಿಂದು ಬದುಕುತ್ತದೆ, ಇದನ್ನು ಕೊಂದರೆ ನಿಮ್ಮ ಕಾವಲುಗಾರನನ್ನೇ ಕೊಂದಂತೆ ಎಂದರು. ಸಂಗಮ್ಮ ಮೂರು ಸಲ ನೋಡಿ ಮೊಬೈಲು ಕೆಳಗಿಟ್ಟರು. ನಾನು ಹೋದಾಗ ಮುಖ ಸಣ್ಣದಾಗಿತ್ತು.

"ತಂಗೀ, ಇಪ್ಪತ್ತ ವರ್ಷದಿಂದ ಚುಕ್ಕಿ ಹುಳ ಕಂಡಲ್ಲಿ ಹಿಡದು ಸಾಬೂನ ನೀರಾಗ ಹಾಕೀನಿ. ಕಾಯೋರನ್ನ ಮುಳುಗಿಸೀನಲ್ಲ."

"ಗೊತ್ತಿಲ್ದ ಮಾಡಿದ್ದು ಅಕ್ಕಾ," ಎಂದೆ.

"ನನಗ ಗೊತ್ತಿದ್ದಿಲ್ಲ ಅಂತ ಅವು ತಿರುಗಿ ಜೀವ ಆಗ್ತಾವೇನು?"

ಕಾರ್ತಿಕ ಮಾಸ ಮುಗಿಯುವವರೆಗೆ ಚುಕ್ಕೆಯ ಹುಳಗಳ ಸೇವೆ ಮಾಡುತ್ತೇನೆಂದು ಅವರು ಅಂದೇ ನೇಮ ಹಿಡಿದರು. ಇನ್ನು ಮೇಲೆ ಒಂದನ್ನೂ ಕೊಲ್ಲುವುದಿಲ್ಲ. ಅಷ್ಟೇ ಸಾಲದೆಂದು, ಓಣಿಯಲ್ಲಿ ಎಲ್ಲೆಲ್ಲಿ ಅವು ಅನಾಥವಾಗಿ ಕೂತಿವೆಯೋ ಅಲ್ಲಿಂದ ತಂದು ತಮ್ಮ ಬದನೆಯ ಗಿಡದ ಮೇಲೆ ಬಿಡುವುದು. ಪಕ್ಕದ ಮನೆಯ ಅಲ್ಮಾಸ್‌ಳ ಹಾಗಲಬಳ್ಳಿಯಿಂದ ಒಂದು ಹಿಡಿ ಬಂದವು. ನಾನು ನಮ್ಮ ಟೊಮೆಟೊ ಗಿಡದಿಂದ ಏಳು ಹುಳ ಹಿಡಿದು ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡು, ಪುಣ್ಯದ ಕೆಲಸವೆಂಬ ಭಾವದಿಂದ ಕೊಟ್ಟು ಬಂದೆ. ಸಂಗಮ್ಮ ಪೆಟ್ಟಿಗೆ ತೆರೆದು ಒಂದೊಂದನ್ನೇ ಎಲೆಯ ಮೇಲೆ ಇಳಿಸಿ, "ಬರ್ರಿ, ನಿಮ್ಮದ ಮನಿ ಅಂತ ತಿಳೀರಿ," ಎಂದರು. ಅವು ಹಾಗೆಯೇ ತಿಳಿದವು.

ಅದೇ ವಾರ ಪೂನಂ ಫೋನು ಮಾಡಿದಳು. ಅವಳಿಗೆ ಆಗ ಆರನೆಯ ತಿಂಗಳು.

"ಯವ್ವಾ, ಏನ ಬಾಯಿಗಿಟ್ರೂ ದವಾದ ವಾಸನಿ ಬರ್ತದ. ಪೇಟಿ ಪಲ್ಲೆ ತೊಳದು ತೊಳದು ಸಾಕಾತು. ಇವರು ಅಂಗಡಿಯಿಂದ ಬಂದ್ರ ಎರಡ ಸಲ ಜಳಕ ಮಾಡ್ತಾರ, ಆದ್ರೂ ಪಡಸಾಲ್ಯಾಗ ಕುಂಡ್ರಿಸಿ ಊಟಕ್ಕ ಹಾಕ್ತೀನಿ. ನಾ ಅಂತೂ ಅನ್ನ ಮಜ್ಜಿಗಿ ಬಿಟ್ರ ಏನೂ ಮುಟ್ಟವಲ್ಲೆ."

ಅವಳ ಗಂಡ ಗುರುಶಾಂತ ಹುಮನಾಬಾದಿನಲ್ಲಿ ಬೀಜ, ಗೊಬ್ಬರ, ಹುಳಕ್ಕೆ ಹೊಡೆಯುವ ದವಾ ಮಾರುವ ಅಂಗಡಿ ನಡೆಸುತ್ತಾನೆ. ಒಳ್ಳೆಯ ಹುಡುಗ. ಅಂಗಡಿಯ ವಾಸನೆ ಅವನ ತಪ್ಪಲ್ಲ.

"ಡಾಕ್ಟರ್ ಬಾಯಿಯವರು ಏನಂದ್ರು?" ಎಂದು ಕೇಳಿದರು ಸಂಗಮ್ಮ.

"ಹೆದರುವಂಥಾದ್ದು ಏನಿಲ್ಲ, ಆದ್ರ ತೂಕ ಏರಿಲ್ಲ, ಹೊಟ್ಟಿ ತುಂಬ ಕಾಯಿಪಲ್ಲೆ ತಿನ್ನು ಅಂದಾರ. ಯವ್ವಾ, ಎಳ್ಳ ಅಮಾಸಿಗೆ ಬರ್ತೀನಲ್ಲ, ನಿನ್ನ ಹಿತ್ತಲ ಬದನಿಕಾಯಿ ಹಾಕಿ ಭಜ್ಜಿ ಮಾಡ್ತಿಯಲ್ಲ, ಅದನ್ನ ನೆನಸಿದ್ರ ಅಷ್ಟ ಬಾಯಾಗ ನೀರ ಬರ್ತದ. ಅದೊಂದು ತಿಂತೀನಿ ಅನಸ್ತದ."

ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಮೊದಲ ತುತ್ತಿನ ಚರಗ ಚೆಲ್ಲಿ ಅಲ್ಲಿಯೇ ಉಣ್ಣುವುದು. ಎಲ್ಲ ಕಾಳು, ಎಲ್ಲ ಕಾಯಿ, ಎಲ್ಲ ಸೊಪ್ಪು ಕೂಡಿಸಿ ಒಂದೇ ಪಾತ್ರೆಯಲ್ಲಿ ಕುದಿಸುವ ಭಜ್ಜಿ ಇಲ್ಲದೆ ಆ ಊಟವಿಲ್ಲ. ಕೊಹಿನೂರದಲ್ಲಿ ಮಹಾರುದ್ರಪ್ಪನವರ ನಾಲ್ಕು ಎಕರೆ ಹೊಲವಿದೆ. ಅಲ್ಲಿಗೆ ಮೂವತ್ತು ಮಂದಿ ಕೂಡುತ್ತಾರೆ, ಭಜ್ಜಿಯ ಬದನೆ ಮಾತ್ರ ಸಂಗಮ್ಮನ ಹಿತ್ತಲದ್ದೇ ಆಗಬೇಕು.

"ಒಂದ ಹನಿ ದವಾ ಬೀಳದ ಬದನಿಕಾಯಿ ಹಾಕಿ ಮಾಡ್ತೀನವ್ವ, ನೀ ಬಾ," ಎಂದು ತಾಯಿ ಮಾತು ಕೊಟ್ಟರು. ಗಿಡಗಳು ಆಗತಾನೇ ಹೂ ಹಿಡಿದಿದ್ದವು. ಅಮಾವಾಸ್ಯೆಗೆ ಏಳು ವಾರವಿತ್ತು.

ಹತ್ತು ದಿನ ಕಳೆಯಿತು. ಬದನೆಯ ಎಲೆಗಳ ಹಸಿರು ಕೆರೆದು ಹೋಗಿ ನರಗಳಷ್ಟೇ ಉಳಿಯತೊಡಗಿದವು. ಬಿಸಿಲಿಗೆ ಹಿಡಿದರೆ ಎಲೆಯ ಆಚೆ ಗೋಡೆ ಕಾಣುತ್ತಿತ್ತು. ಸಂಗಮ್ಮ ಕನ್ನಡಿ ಹಿಡಿದರೆ ಎಲೆಯಡಿ ಹಳದಿ ಬಣ್ಣದ, ಮೈತುಂಬ ಮುಳ್ಳಿರುವ ಮರಿಹುಳಗಳು.

"ಇವರು ಯಾರೋ ಹೊಸಬರು ಬಂದಾರ ತಂಗೀ," ಎಂದರು ನನಗೆ. "ಕಾಯೋರು ಕಡಿಮಿ ಬಿದ್ದಾರಂತ ಕಾಣ್ತದ. ನಿಮ್ಮ ಟೊಮೆಟೊ ಗಿಡದಾಗ ಇನ್ನ ಒಂದೆರಡ ಚುಕ್ಕಿಯವರು ಇದ್ರ ನೋಡು."

ನಾನು ಹುಡುಕಿ ಮತ್ತೆ ಐದು ತಂದೆ.

ಅಂಗಡಿಯ ಕೆಲಸಕ್ಕೆಂದು ಊರಿಗೆ ಬಂದ ಗುರುಶಾಂತ ಅತ್ತೆಯ ಮನೆಗೆ ಬಂದದ್ದು ಆಗ. ನಾನೂ ಅಲ್ಲಿದ್ದೆ. ಹಿತ್ತಲಿಗೆ ಕಾಲಿಟ್ಟವನು ಅಲ್ಲಿಯೇ ನಿಂತ.

"ಅತ್ತಿಯವರ, ಇವು ಬದನಿ ಗಿಡ ಅಲ್ರಿ, ಜರಡಿ."

"ಹಿಟ್ಟ ಸಾಣಿಸಾಕ ಬರ್ತಾವೇನು ನೋಡಪ್ಪಾ," ಎಂದು ಸಂಗಮ್ಮ ನಕ್ಕರು. ಆದರೆ ಆ ನಗೆ ಕಣ್ಣಿನವರೆಗೆ ಹೋಗಲಿಲ್ಲ.

ಅವನು ಚೀಲದಿಂದ ಪೇಪರಿನಲ್ಲಿ ಸುತ್ತಿದ ಒಂದು ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟ. "ಒಂದ ಸಲ ಹೊಡೀರಿ, ಮೂರ ದಿನದಾಗ ಸಾಫ್. ಆ ಮ್ಯಾಲ ಚೀಟಿಯೊಳಗ ಬರದಷ್ಟ ದಿನ ಕಾಯಿ ಹರೀಬ್ಯಾಡ್ರಿ, ಅಷ್ಟ. ಕೈಗೆ, ಮುಖಕ್ಕ ಅರಿವಿ ಕಟ್ಕೊಂಡು ಹೊಡೀಬೇಕು ಮತ್ತ."

"ಕೈಗೆ ಮುಖಕ್ಕ ಕಟ್ಕೊಂಡು ಹೊಡದಿದ್ದನ್ನ ಬಾಯಿಗೆ ಹಾಕ್ಕೋಬೇಕೇನಪ್ಪ? ನಿನ್ನ ಹೆಂಡತಿಗೆ ನಾ ಮಾತ ಕೊಟ್ಟೀನಿ."

ಮಹಾರುದ್ರಪ್ಪನವರು ನಡುವೆ ಬಾಯಿ ಹಾಕಿದರು. "ಅಕಿಗೆ ಹೇಳೋರ್ಯಾರು? ನೀ ಹೇಳಬ್ಯಾಡ, ನಾ ಹೇಳೂದಿಲ್ಲ."

"ಅಕಿ ಮೂಗು ಹೇಳ್ತದ."

ಗುರುಶಾಂತ ತಲೆ ಕೆರೆದುಕೊಂಡ. "ಅದು ಖರೇ ಅದ ರೀ ಮಾವಾರ. ದಿನಾ ನಾ ಅಂಗಡ್ಯಾಗ ಯಾವ ಡಬ್ಬಿ ಎತ್ತಿ ಇಟ್ಟೀನಿ ಅಂತ ಹೆಸರ ಹಿಡದು ಹೇಳ್ತಾಳ."

ಅವನು ಹೋದ ಮೇಲೆ ಸಂಗಮ್ಮ ಆ ಬಾಟಲಿಯನ್ನು ಮನೆಯೊಳಗೆ ತರಲಿಲ್ಲ. ಹಿತ್ತಲ ಗೋಡೆಯ ಗೂಡಿನಲ್ಲಿ ಎತ್ತರಕ್ಕೆ ಇಟ್ಟರು. ಸೋಮವಾರ ಭಜನೆ ಮುಗಿದು ಎಲ್ಲರೂ ಎದ್ದ ಮೇಲೆ ನನ್ನ ಕೈ ಹಿಡಿದು ಕೂಡ್ರಿಸಿದರು.

"ಪೂಜಿಗೆ ಕುಂತ್ರೂ ಆ ಗೂಡು ಕಣ್ಣ ಮುಂದ ಬರ್ತದ ತಂಗೀ. ಒಂದ ಸಲ ಹೊಡದ ಬಿಡ್ಲೇನು ಅನಸ್ತದ. ಪೇಟಿ ಬದನಿಕಾಯಿ ತಂದು ನನ್ನವ ಅಂತ ಹೇಳ್ಲೇನು ಅಂತನೂ ಬಂತು ಮನಸಿಗೆ. ಹೊಟ್ಟ್ಯಾಗ ಕೂಸು ಇಟಗೊಂಡು ನನ್ನ ಮಾತ ನಂಬಿ ಬರ್ತಾಳ. ಅಕಿ ಅದನ್ನೂ ಉಣ್ಣಲಿಲ್ಲ ಅಂದ್ರ ನಾ ಏನ ಮಾಡ್ಲಿ?"

ಆಮೇಲೆ ಇಬ್ಬರೂ ಎದ್ದು ಭಜನೆಯ ತಾಳಗಳನ್ನು ಒರೆಸಿ ಇಟ್ಟೆವು.

ಆ ಶುಕ್ರವಾರ ಅಂಬುಬಾಯಿ ಬಂದರು. ಕೊಹಿನೂರದ ಹೊಲವನ್ನು ಪಾಲಿಗೆ ಮಾಡುವವರು ಅಂಬುಬಾಯಿ ಮತ್ತು ಅವರ ಯಜಮಾನರು. ವಾರಕ್ಕೊಮ್ಮೆ ಬಸ್ಸಿಗೆ ಬಂದು ಸೊಪ್ಪು, ಕಾಯಿ ಮಾರಿ, ಇಲ್ಲಿ ಒಂದು ಕಪ್ಪು ಚಹಾ ಕುಡಿದು ಹೋಗುತ್ತಾರೆ. ಎಲೆಯಡಿಕೆ ಬಾಯಿ, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗೆ. ಅವರು ಹಿತ್ತಲಿಗೆ ಬಂದಾಗ ಸಂಗಮ್ಮ ನೆಲಕ್ಕೆ ಬಿದ್ದ ಒಂದು ಚುಕ್ಕೆಯ ಹುಳವನ್ನು ಒಣ ಎಲೆಯಿಂದ ಎತ್ತಿ, ಕೆಡಹದಂತೆ ಬದನೆಯ ಕುಡಿಯ ಮೇಲೆ ಕೂಡ್ರಿಸುತ್ತಿದ್ದರು.

"ಅಕ್ಕೋರ, ಏನ ಮಾಡಾಕತ್ತೀರಿ?"

"ಕಾವಲಿಗೆ ಕೂಡ್ರಸಾಕತ್ತೀನಿ ಅಂಬುಬಾಯಿ. ಇವರು ರೈತನ ಮಿತ್ರರಂತ."

ಅಂಬುಬಾಯಿ ಹತ್ತಿರ ಬಂದು ಹುಳ ನೋಡಿದರು. ಗಿಡ ನೋಡಿದರು. ಸಂಗಮ್ಮನ ಮುಖ ನೋಡಿದರು. ಆಮೇಲೆ ಬುಟ್ಟಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ಇಟ್ಟಂಗಿಯ ಮೇಲೆ ಕೂತೇಬಿಟ್ಟರು. ನಗೆ ನಿಲ್ಲಲೊಲ್ಲದು. ಗೋಡೆಯ ಆಚೆಯಿಂದ ಅಲ್ಮಾಸ್ ಕತ್ತು ಎತ್ತಿ, "ಕ್ಯಾ ಹುವಾ ಕಾಕಿ, ಏನಾತ್ರಿ?" ಎಂದಳು.

"ಏನಾತಂತ ಕೇಳತಿಯಾ? ಬದನಿ ತಿನ್ನೋರನ್ನ ಓಣಿ ತುಂಬ ಹುಡುಕಿ ತಂದು ಬದನಿ ಕಾಯಾಕ ಹಚ್ಯಾರ ನಿಮ್ಮ ಕಾಕಿ!"

ಸಂಗಮ್ಮನ ಕೈಯಲ್ಲಿದ್ದ ಒಣ ಎಲೆ ಹಾಗೆಯೇ ನಿಂತಿತು. "ವಿಡಿಯೋದಾಗ ಚುಕ್ಕಿ ಇತ್ತಲ್ಲ..."

"ಚುಕ್ಕಿ ಇದ್ದದ್ದೆಲ್ಲ ಒಂದ ಜಾತಿಯೇನ್ರಿ? ಬರ್ರಿ ಇಲ್ಲಿ, ಆ ಕನ್ನಡಿ ತರ್ರಿ."

ಅಂಬುಬಾಯಿ ಮೊದಲು ಬದನೆಯ ಮೇಲಿನ ಹುಳ ತೋರಿಸಿದರು. ತಾಮ್ರ ತುಕ್ಕು ಹಿಡಿದಂಥ ಬಣ್ಣ, ಮೈಮೇಲೆ ಸಣ್ಣ ನುಣುಪು ಕೂದಲು, ಹೊಳಪಿಲ್ಲ, ಎಣಿಸಲಾರದಷ್ಟು ಚುಕ್ಕೆ. ಕೂತಲ್ಲಿ ಕೂತು ಎಲೆ ಕೆರೆಯುತ್ತದೆ, ಮುಟ್ಟಿದರೆ ಸತ್ತಂತೆ ಕೆಳಗೆ ಬೀಳುತ್ತದೆ. ಹಳದಿ ಮುಳ್ಳಿನ ಹೊಸಬರು ಇದರದೇ ಮಕ್ಕಳು. ಆಮೇಲೆ ಅವರೆಯ ಚಪ್ಪರಕ್ಕೆ ಕರೆದೊಯ್ದರು. ಹೇನು ಮುತ್ತಿದ ಒಂದು ಕುಡಿಯ ಮೇಲೆ ಕೆಂಪಗಿನ ಸಣ್ಣ ಹುಳವೊಂದು ಓಡಾಡುತ್ತಿತ್ತು. ಈಗತಾನೇ ಎಣ್ಣೆ ಹಚ್ಚಿ ಒರೆಸಿದ ಹಾಗೆ ಹೊಳೆಯುತ್ತಿತ್ತು, ಮೈಮೇಲೆ ಬೆರಳೆಣಿಕೆಯ ಚುಕ್ಕೆ.

"ಇವರು ನೋಡ್ರಿ ನಿಮ್ಮ ಖರೇ ಮಿತ್ರರು. ಇವರಿಗೆ ಎಲಿ ಬ್ಯಾಡ, ಹೇನ ಬೇಕು. ಮತ್ತ ಇಲ್ಲಿ ನೋಡ್ರಿ, ಇವು ಇವರ ಮಕ್ಕಳು." ಕುಡಿಯ ಕೆಳಗೆ ಕರಿ ಬಣ್ಣದ, ಕಿತ್ತಳೆ ಮಚ್ಚೆಯ, ಪುಟ್ಟ ಹಲ್ಲಿಯಂಥ ಮರಿಗಳು ಹೇನನ್ನು ಕಚ್ಚಿ ಹಿಡಿದಿದ್ದವು.

ಸಂಗಮ್ಮ ಮೆಲ್ಲನೆ ಕನ್ನಡಿ ಇಳಿಸಿದರು. "ಇವುಗಳನ್ನ ನೋಡಾಕ ಹೊಲಸು ಅದಾವಂತ ಈ ವಾರ ಅಷ್ಟೂ ಹಿಡದು ಸಾಬೂನ ನೀರಿಗೆ ಹಾಕೀನಿ."

ಆಮೇಲೆ ಸಂಗಮ್ಮನೇ ಮೊದಲು ನಕ್ಕರು. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಕಳ್ಳರಿಗೆ ಊಟ, ಕಾಯೋರ ಮಕ್ಕಳಿಗೆ ಜಳಕ! ಶಿವನೇ, ನಿನ್ನ ಹೆಸರ ಹೇಳಿ ನಾ ಏನೇನ ಮಾಡೀನಪ್ಪ!"

ನಾನು ಕಡ್ಡಿಪೆಟ್ಟಿಗೆಯ ಮಾತು ಎತ್ತದೆ ನಿಂತಿದ್ದೆ. "ತಂಗೀ, ನೀ ಕೊಟ್ಟ ಹನ್ನೆರಡು ಮಂದಿನೂ ಅದರಾಗ ಅದಾರ," ಎಂದು ಅವರೇ ಎತ್ತಿದರು.

ಮರುದಿನ ನಸುಕಿಗೇ ಕೆಲಸ ಶುರುವಾಯಿತು. ಚಳಿಗೆ ಹುಳದ ಕೈಕಾಲು ಏಳುವುದಿಲ್ಲ, ಬಿಸಿಲು ಬೀಳುವ ಮೊದಲು ಗಿಡ ಅಲುಗಿಸಬೇಕೆಂದು ಅಂಬುಬಾಯಿ ಹೇಳಿಹೋಗಿದ್ದರು. ಗಿಡದ ಕೆಳಗೆ ನಾನು ಮೊರ ಹಿಡಿದೆ, ಸಂಗಮ್ಮ ಅಲುಗಿಸಿದರು, ಅವು ಪಟಪಟನೆ ಉದುರಿದವು. ಸಾಬೂನಿನ ನೀರಿನ ಬೋಗುಣಿ ಮುಂದೆ ಬಂದಾಗ ಅವರ ಕೈ ತಡೆಯಿತು.

"ಕರದು ಕುಂಡ್ರಿಸಿ ಉಣಿಸೀನಿ. ಈಗ ಹ್ಯಾಂಗ ಹಾಕ್ಲಿ?"

"ನನ್ನ ಕೋಳಿಗೆ ಕೊಡ್ರಿ ಕಾಕಿ, ಅವಾದ್ರೂ ತಿನ್ನಲಿ," ಎಂದು ಅಲ್ಮಾಸ್ ಗೋಡೆಯ ಮೇಲಿಂದ ಮೊರ ಇಸಿದುಕೊಂಡಳು. ಕೋಳಿಗಳು ಓಡಿ ಬಂದವು. ಮುಂದಿದ್ದ ಹುಂಜ ಒಂದನ್ನು ಕುಕ್ಕಿ, ಕೊಕ್ಕು ಝಾಡಿಸಿ, ಮಣ್ಣಿಗೆ ಒರೆಸಿಕೊಂಡು ಹೊರಟೇ ಹೋಯಿತು. ಉಳಿದವು ಅದರ ಹಿಂದೆ ಹೋದವು.

"ಕಹಿ ಅದಾವಂತ ಕಾಣ್ತದ ಕಾಕಿ. ನನ್ನ ಕೋಳಿಗೂ ಬ್ಯಾಡಾದವು!"

ಮೊರ ಹಿಂದಕ್ಕೆ ಬಂತು. ಸಂಗಮ್ಮ ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಬೋಗುಣಿಗೆ ಸುರಿದರು. "ತಪ್ಪ ನಂದು, ನಿಮ್ಮದಲ್ಲ," ಎಂದದ್ದು ಪಕ್ಕದಲ್ಲಿದ್ದ ನನಗಷ್ಟೇ ಕೇಳಿತು.

ಆಮೇಲೆ ಅವರು ಹಿಂದೆ ನೋಡಲಿಲ್ಲ. ಹದಿನಾಲ್ಕು ಗಿಡಗಳಲ್ಲಿ ಎರಡು ಸಂಪೂರ್ಣ ಹೋಗಿದ್ದವು, ಕಿತ್ತರು. ಉಳಿದ ಹನ್ನೆರಡರ ಜರಡಿ ಎಲೆಗಳನ್ನು ಕತ್ತರಿಸಿದರು. ಕನ್ನಡಿ ಹಿಡಿದು ಎಲೆಯಡಿಯ ಹಳದಿ ತತ್ತಿಗಳನ್ನು ಹುಡುಕಿ ಒರೆಸಿದರು. ಬೇವಿನ ಬೀಜ ಕುಟ್ಟಿ, ಅರಿವೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ನೆನೆಯಿಟ್ಟು, ಮರುದಿನ ಹಿಂಡಿ ಸೋಸಿ, ಸ್ವಲ್ಪ ಸಾಬೂನು ಕಲಸಿ, ಬಿಸಿಲಿಳಿದ ಮೇಲೆ ಎಲೆಯ ಕೆಳಮೈಗೆ ಬೀಳುವಂತೆ ಸಿಂಪಡಿಸಿದರು. ಐದಾರು ದಿನಕ್ಕೊಮ್ಮೆ ಇದು. ಅವರೆಯ ಚಪ್ಪರಕ್ಕೆ ಮಾತ್ರ ಆ ನೀರು ತಾಗಿಸಲಿಲ್ಲ, ಬೂದಿಯನ್ನೂ ಎರಚಲಿಲ್ಲ. ಅಲ್ಲಿ ಕಾಯೋರ ಮಕ್ಕಳಿದ್ದರು.

ಮಹಾರುದ್ರಪ್ಪನವರಿಗೆ ಕತೆ ತಿಳಿದ ದಿನ ಅಂಗಡಿಗೆ ತಡವಾಗಿ ಹೋದರು. "ನಿನಗ ಬೀಗರನ್ನ ಆರಿಸಾಕ ಬರೂದಿಲ್ಲ ಅಂತ ನಾ ಮೊದಲ ಹೇಳಿದ್ದೆ," ಎಂದು ಮೂರು ಸಲ ಹೇಳಿ ಮೂರು ಸಲವೂ ತಾವೇ ನಕ್ಕರು. ಆದರೆ ಸಂಜೆ ಬರುವಾಗ ಒಂದು ಸೇರು ಬೇವಿನ ಬೀಜ ತಂದು ಮಾತಾಡದೆ ಕಟ್ಟೆಯ ಮೇಲಿಟ್ಟರು.

ಎರಡನೆಯ ವಾರಕ್ಕೆ ಹೊಸ ಚಿಗುರು ಬಂತು. ಹೂ ನಿಂತವು. ಹೂವಿನ ಹಿಂದೆ ಗೋಲಿಯಷ್ಟು ಕಾಯಿ. ಸಂಗಮ್ಮ ಕಾಯಿ ಎಣಿಸುತ್ತಿರಲಿಲ್ಲ, ದೃಷ್ಟಿಯಾಗುತ್ತದೆ ಎಂದು. ಆದರೆ ಮನಸ್ಸಿನಲ್ಲಿ ಎಣಿಸುತ್ತಿದ್ದರೆಂದು ನನಗೆ ಗೊತ್ತು, ಏಕೆಂದರೆ ನಾನೂ ಎಣಿಸುತ್ತಿದ್ದೆ. ಗೂಡಿನ ಬಾಟಲಿಯ ಮೇಲೆ ಧೂಳು ಕೂತಿತು.

ಅಮಾವಾಸ್ಯೆಯ ಹಿಂದಿನ ಮುಂಜಾನೆ ಕಾಯಿ ಹರಿದೆವು. ಹನ್ನೊಂದು. ಅದರಲ್ಲಿ ಎರಡಕ್ಕೆ ಕೊರೆಯುವ ಹುಳದ ತೂತು. ಪ್ರತಿ ವರ್ಷ ಎರಡು ಬುಟ್ಟಿ ಕೊಡುತ್ತಿದ್ದ ಹಿತ್ತಲು ಅದು. ಸಂಗಮ್ಮ ಹನ್ನೊಂದು ಕಾಯಿಯನ್ನೂ ಉಡಿಯಿಂದ ತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು.

"ಮೂವತ್ತ ಮಂದಿಗೆ ಇದು ಎಲ್ಲಿಗೆ ಸಾಲ್ತದ?" ಎಂದರು ಮಹಾರುದ್ರಪ್ಪ. "ಮಗಳಿಗೆ ಒಂದ ಸಣ್ಣ ಗಡಿಗ್ಯಾಗ ಬ್ಯಾರೆ ಮಾಡು. ಉಳದವರಿಗೆ ಪೇಟಿಯಿಂದ ತರ್ತೀನಿ."

"ಭೂತಾಯಿ ಮುಂದ ಎರಡ ಗಡಿಗಿ ಇಡಬೇಕೇನ್ರಿ? ಆಗೂದಿಲ್ಲ. ಅಮಾಸಿ ಭಜ್ಜಿ ಒಂದ ಗಡಿಗ್ಯಾಗನ ಆಗಬೇಕು."

"ಹಂಗಾದ್ರ ಉಳದದ್ದು ಎಲ್ಲಿಂದ ತರ್ತಿ?"

ಸಂಗಮ್ಮ ಅಂಬುಬಾಯಿಗೆ ಫೋನು ಹಚ್ಚಿ ಎಂದು ಮೊಬೈಲನ್ನು ಅವರ ಕೈಗೇ ಕೊಟ್ಟರು. ಆ ಕಡೆಯಿಂದ ಬಂದ ದನಿ ಫೋನಿಲ್ಲದೆಯೂ ಕೇಳುವಂತಿತ್ತು.

"ಫಿಕರ್ ಯಾಕ್ ಮಾಡ್ತೀರಿ ಅಕ್ಕೋರ? ಬದುವಿನ ಅವರಿ, ತೊಗರಿ, ಒಂದ ಸಾಲು ಕಡ್ಲಿ ಅಮಾಸಿಗಂತನ ಬಿಟ್ಟದ್ದಲ್ರಿ? ಅದಕ್ಕ ನಾವು ಯಾವ ವರ್ಷನೂ ದವಾ ಹೊಡಿಯೂದಿಲ್ಲ, ಅದು ಭೂತಾಯಿ ಪಾಲು. ನಿಮ್ಮ ಮಗಳು ಎಷ್ಟ ತಿಂತಾಳ ತಿನ್ನಲಿ, ಬದನಿಕಾಯಿ ಅಷ್ಟ ನೀವು ತರ್ರಿ!"

ಅಮಾವಾಸ್ಯೆಯ ದಿನ ಹೊಲದ ಬನ್ನಿಗಿಡದ ಕೆಳಗೆ ಮೂರು ಕಲ್ಲಿನ ಒಲೆ ಹೂಡಿದೆವು. ಆಗತಾನೇ ಹರಿದ ಕಾಳು, ಕಡಲೆಯ ಸೊಪ್ಪು, ಹುಣಸೆಹುಳಿ, ಒಂದೇ ದೊಡ್ಡ ಗಡಿಗೆ. ಸಂಗಮ್ಮ ಎಂಟು ಬದನೆಕಾಯಿ ಹೆಚ್ಚಿ ಹಾಕಿದರು. ತೂತಿನ ಎರಡರಲ್ಲಿ ಹುಳದ ಭಾಗ ಕತ್ತರಿಸಿ ಉಳಿದದ್ದನ್ನೂ ಹಾಕಿದರು. ಒಂದನ್ನು ಮಾತ್ರ ತೊಟ್ಟು ಮುರಿಯದೆ ನಾಲ್ಕು ಸೀಳು ಮಾಡಿ ಇಡಿಯಾಗಿ ಇಳಿಬಿಟ್ಟರು.

ಹುಮನಾಬಾದಿನಿಂದ ಜೀಪು ಬಂತು. ಪೂನಂ ಇಳಿದಳು. ಹೊಟ್ಟೆ ಕಾಣುತ್ತಿತ್ತು, ಮುಖ ಬತ್ತಿತ್ತು. ಗುರುಶಾಂತ ಕೊಡೆ ಹಿಡಿದು ಎರಡು ಹೆಜ್ಜೆ ದೂರದಲ್ಲಿ ಬರುತ್ತಿದ್ದ.

"ಯಾಕಪ್ಪಾ, ಅಷ್ಟ ದೂರ?" ಎಂದರು ಮಹಾರುದ್ರಪ್ಪ.

"ಇವತ್ತ ಮೂರ ಸಲ ಜಳಕ ಮಾಡೀನ್ರಿ ಮಾವಾರ. ಆದ್ರೂ ಹುಕುಂ ಇಷ್ಟ ಅದ."

ಸಂಗಮ್ಮ ಚೀಲದಿಂದ ಅದೇ ಪೇಪರಿನಲ್ಲಿ ಸುತ್ತಿದ, ಬಿರಡೆ ತೆಗೆಯದ ಬಾಟಲಿಯನ್ನು ಅಳಿಯನ ಕೈಗಿಟ್ಟರು. ಜೊತೆಗೆ ಒಂದು ಕಡ್ಡಿಪೆಟ್ಟಿಗೆ. ಒಳಗೆ ಹತ್ತಿಯ ಮೇಲೆ ಒಣಗಿದ ಎರಡು ಹುಳ, ಒಂದು ಹೊಳೆಯುವುದು, ಒಂದು ಹೊಳೆಯದ್ದು.

"ಅಂಗಡ್ಯಾಗ ಇಟಗೋ ಅಪ್ಪಾ. ದವಾ ಕೇಳಾಕ ಬಂದವರಿಗೆ ಮೊದಲ ಇದನ್ನ ತೋರಸು. ನನ್ನಂಥ ಶಾಣ್ಯಾರು ಇನ್ನೂ ಇರ್ತಾರ."

ಆ ಪೆಟ್ಟಿಗೆ ಈಗ ಅವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. 'ಎಲಿ ತಗೊಂಡ ಬರ್ರಿ, ಹುಳ ನೋಡಿ ಮಾತಾಡೂಣು' ಎಂದು ಗಿರಾಕಿಗಳನ್ನು ಒಮ್ಮೊಮ್ಮೆ ಬರಿಗೈಲಿ ಕಳಿಸುತ್ತಾನಂತೆ.

ಚರಗ ಚೆಲ್ಲಿಯಾಯಿತು. ಮೊದಲ ತುತ್ತು ಭೂತಾಯಿಗೆ, ಅದರಲ್ಲಿರುವ ಹುಳ ಹುಪ್ಪಡಿಗೆ. ಹೊಲದ ನಾಲ್ಕೂ ಮೂಲೆಗೆ ಎರಚುವಾಗ ಸಂಗಮ್ಮ ಒಂದು ಹಿಡಿ ಹೆಚ್ಚೇ ಎರಚಿದರೆಂದು ನನಗೆ ಅನ್ನಿಸಿತು.

ಎಲ್ಲರೂ ಸಾಲಾಗಿ ಕೂತರು. ಪೂನಂಳ ತಾಟಿಗೆ ಸಜ್ಜೆರೊಟ್ಟಿ, ಅದರ ಮೇಲೆ ಭಜ್ಜಿ, ನಡುವೆ ಆ ಇಡೀ ಬದನೆಕಾಯಿ. ಸಂಗಮ್ಮ ಸೌಟು ಹಿಡಿದು ಎದುರಿಗೇ ನಿಂತುಬಿಟ್ಟರು. ಮಗಳು ಬಗ್ಗಿ ವಾಸನೆ ನೋಡಿದಳು. ಅಂಬುಬಾಯಿಯ ಬಾಯಿ ಕೂಡ ಮುಚ್ಚಿತ್ತು.

"ದವಾ?" ಎಂದರು ಸಂಗಮ್ಮ, ಬಹಳ ಸಣ್ಣ ದನಿಯಲ್ಲಿ.

ಪೂನಂ ತಲೆ ಎತ್ತಲಿಲ್ಲ. ರೊಟ್ಟಿ ಮುರಿದು, ಬದನೆಕಾಯಿ ಹಿಚುಕಿ, ಬಾಯಿಗಿಟ್ಟಳು. ಅಗಿದಳು. ಇನ್ನೊಂದು ತುತ್ತು. ಮತ್ತೊಂದು. ಎರಡನೆಯ ರೊಟ್ಟಿಗೆ ಕೈ ಚಾಚಿದಾಗ ಗುರುಶಾಂತ ಎರಡು ಹೆಜ್ಜೆಯ ಅಂತರ ಮರೆತು ಅವಳ ಪಕ್ಕಕ್ಕೇ ಬಂದು ಕೂತ. ಅವಳೂ ಸರಿದು ಜಾಗ ಕೊಟ್ಟಳು.

ಅಷ್ಟರಲ್ಲಿ ಎಲ್ಲಿಂದಲೋ ಒಂದು ಚುಕ್ಕೆಯ ಹುಳ ಹಾರಿ ಬಂದು ಪೂನಂಳ ಹಸಿರು ಸೀರೆಯ ಮೊಣಕಾಲಿನ ಮೇಲೆ ಕೂತಿತು. ಗುರುಶಾಂತ ಬೆರಳು ಮಡಚಿ ಹಾರಿಸಲು ಹೋದ.

"ತಡಿ!" ಎಂದರು ಸಂಗಮ್ಮ. ಸೌಟು ನನ್ನ ಕೈಗೆ ಕೊಟ್ಟು, ಚೀಲದಿಂದ ಕನ್ನಡಿ ತೆಗೆದು, ಮೊಣಕಾಲಿನ ನೋವು ಮರೆತು ಬಗ್ಗಿ ಹಿಡಿದರು. ಮೂವತ್ತು ಮಂದಿಯ ಊಟ ನಿಂತಿತು. ಅಂಬುಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗೆ ತಡೆಯುತ್ತಿದ್ದರು.

"ಹೊಳಿಯಾಕತ್ತದ," ಎಂದರು ಸಂಗಮ್ಮ ಕೊನೆಗೆ. "ಎಣ್ಣಿ ಹಚ್ಚಿ ಒರಸಿದಂಗ ಅದ. ಇವರು ನಮ್ಮವರು. ಕೂಡಲಿ ಬಿಡ್ರಿ."

"ಅವರು ಕೂಡಲಿ ಯವ್ವಾ," ಎಂದಳು ಪೂನಂ, ಬಾಯಿ ತುಂಬ ಇಟ್ಟುಕೊಂಡೇ. "ನನಗ ಇನ್ನೊಂದ ಸೌಟ ಭಜ್ಜಿ ಹಾಕು."